ಸಣ್ಣ ದೇಶ, ದೊಡ್ಡ ವಿಮಾನ



ವಾಯುಪಡೆ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಯುದ್ಧವಿಮಾನ. ಆದರೆ ಸೈನಿಕರನ್ನು, ವಾಹನಗಳನ್ನು, ಆಹಾರ, ಔಷಧಿಗಳನ್ನು ಹೊತ್ತೊಯ್ಯುವ ಸಾಗಣೆ ವಿಮಾನಗಳು ಇಲ್ಲದಿದ್ದರೆ ದೂರದ ನಾಡಿನಲ್ಲಿ ಸೇನೆ ಹೆಚ್ಚೇನೂ ಮಾಡಲಾರದು. ಇಂಥ ವಿಮಾನಗಳು ಬಹಳ ದುಬಾರಿ. ಹಾಗಾದರೆ ಸಣ್ಣ ದೇಶವೊಂದು ಏನು ಮಾಡಬೇಕು? ಬೆಲ್ಜಿಯಂನ ಉದಾಹರಣೆಯನ್ನು ನೋಡೋಣ.

ಸುಮಾರು 30,000 ಚದರ ಕಿಲೋಮೀಟರ್ ವಿಸ್ತೀರ್ಣದ ಈ ದೇಶ 1972-73ರಲ್ಲಿ ಅಮೆರಿಕದ ಸಿ-130 ಹರ್ಕ್ಯುಲಿಸ್ ವಿಮಾನಗಳು ಹನ್ನೆರಡನ್ನು ಪಡೆಯಿತು. ಬ್ರಸೆಲ್ಸ್ ಬಳಿಯ ಮೆಲ್ಸ್‌ಬ್ರೂಕ್ ಅವುಗಳ ನೆಲೆಯಾಯಿತು. ಈ ವಿಮಾನದ ರೆಕ್ಕೆ ಒಡಲಿನ ಮೇಲ್ಭಾಗದಲ್ಲಿದೆ. ಏಕೆ ಗೊತ್ತೆ? ರೆಕ್ಕೆ ಎತ್ತರದಲ್ಲಿದ್ದರೆ ಪ್ರೊಪೆಲರುಗಳು ನೆಲದ ಕಲ್ಲುಮಣ್ಣಿನಿಂದ ದೂರವಿರುತ್ತವೆ; ಒಡಲು ಮಾತ್ರ ನೆಲಕ್ಕೆ ಹತ್ತಿರವಿರುತ್ತದೆ. ಹಿಂಬದಿಯ ಬಾಗಿಲು ಕೆಳಗಿಳಿದು ಇಳಿಜಾರು ದಾರಿಯಾಗುತ್ತದೆ. ಜೀಪು ನೇರವಾಗಿ ಒಳಗೇ ಹೋಗಬಹುದು. ಡಾಂಬರಿಲ್ಲದ, ಉದ್ದ ಕಡಿಮೆಯಿರುವ ರನ್‌ವೇಯಲ್ಲೂ ಇದು ಇಳಿಯಬಲ್ಲದು.

ಈ ವಿಮಾನಗಳಿಗೆ ವಯಸ್ಸಾದಾಗ ಬೆಲ್ಜಿಯಂ ಆರಿಸಿಕೊಂಡದ್ದು ಯೂರೋಪಿನ ಎ-400ಎಂ. ಹರ್ಕ್ಯುಲಿಸ್ ಸುಮಾರು 20 ಟನ್ ಹೊತ್ತರೆ ಇದು 37 ಟನ್‌ವರೆಗೆ ಹೊರುತ್ತದೆ. ಬೆಲ್ಜಿಯಂ ಕೊಂಡದ್ದು ಏಳು. ನೆರೆಯ ಲಕ್ಸೆಂಬರ್ಗ್ ಇನ್ನೂ ಪುಟ್ಟ ದೇಶ. ಅದು ಕೊಂಡದ್ದು ಒಂದೇ ಒಂದು. ಒಂದೇ ವಿಮಾನಕ್ಕಾಗಿ ಬೇರೆ ನೆಲೆ, ಬೇರೆ ದುರಸ್ತಿ ಶಾಲೆ ಕಟ್ಟುವುದು ಜಾಣತನವಲ್ಲ. ಆದ್ದರಿಂದ ಎಂಟೂ ವಿಮಾನಗಳನ್ನು ಮೆಲ್ಸ್‌ಬ್ರೂಕ್‌ನಲ್ಲಿಯೇ ಇರಿಸಿ, ಎರಡೂ ದೇಶದವರು ಒಟ್ಟಾಗಿ ನಡೆಸುವ ಏರ್ಪಾಡಾಯಿತು.

ಇದಕ್ಕೂ ದೊಡ್ಡದೊಂದು ಕೂಟವಿದೆ. ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ 2010ರಲ್ಲಿ ಆರಂಭವಾದ ಯೂರೋಪಿನ ವಾಯುಸಾಗಣೆ ಕಮಾಂಡ್‌ನಲ್ಲಿ ಇಂದು ಏಳು ದೇಶಗಳಿವೆ. ಒಂದು ದೇಶದ ವಿಮಾನ ಖಾಲಿ ಮರಳುವ ಬದಲು ಇನ್ನೊಂದು ದೇಶದ ಸಾಮಾನನ್ನು ಹೊತ್ತು ತರಬಹುದು.

ಆದರೆ ಎಲ್ಲರಿಗೂ ಒಮ್ಮೆಲೇ ವಿಮಾನ ಬೇಕಾದರೆ? 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನರ ವಶವಾದಾಗ ಇಂಥದೇ ಪರಿಸ್ಥಿತಿ ಬಂತು. ತಮ್ಮ ಜನರನ್ನು ಕರೆತರಲು ಹತ್ತಾರು ದೇಶಗಳು ಧಾವಿಸಿದವು. ಬೆಲ್ಜಿಯಂ ತನ್ನ ಹಳೆಯ ಹರ್ಕ್ಯುಲಿಸ್‌ಗಳ ಜೊತೆಗೆ ಎ-400ಎಂ ಅನ್ನೂ ಬಳಸಿ ಸಾವಿರಕ್ಕೂ ಹೆಚ್ಚು ಜನರನ್ನು ಇಸ್ಲಾಮಾಬಾದಿಗೆ ಸಾಗಿಸಿತು. ಹಂಚಿಕೊಂಡ ವಿಮಾನವನ್ನು ತುರ್ತು ಸಮಯದಲ್ಲಿ ಸ್ವಂತ ಕೆಲಸಕ್ಕೆ ಹಿಂದಕ್ಕೆ ಪಡೆಯುವ ಹಕ್ಕು ಪ್ರತಿ ಸದಸ್ಯ ದೇಶಕ್ಕೂ ಇದೆ. ಆ ಹಕ್ಕು ಇರುವುದರಿಂದಲೇ ಹಂಚಿಕೊಳ್ಳುವ ಧೈರ್ಯವೂ ಬರುತ್ತದೆ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆಲ್ಜಿಯಂನ ಹರ್ಕ್ಯುಲಿಸ್‌ಗಳು ನಿವೃತ್ತವಾದವು. ಸುಮಾರು ಐವತ್ತು ವರ್ಷಗಳ ದುಡಿಮೆ! ಮುಂದೆ ಯಾವುದಾದರೂ ದೇಶದ ಬಲವನ್ನು ಅಳೆಯುವಾಗ ಅದರ ಬಳಿ ಎಷ್ಟು ವಿಮಾನಗಳಿವೆ ಎಂದಷ್ಟೇ ಎಣಿಸಬೇಡಿ. ಕಷ್ಟಕಾಲದಲ್ಲಿ ಎಷ್ಟು ವಿಮಾನಗಳು ಅದರ ನೆರವಿಗೆ ಬರಬಲ್ಲವು ಎಂಬುದನ್ನೂ ಕೇಳಿ.