ತಂಪೂ ಬೇಕು, ಗ್ಯಾಸ್ ಯಾವುದೆಂಬ ಅರಿವೂ ಬೇಕು



ಮನೆ ತಂಪು ಮಾಡುವ ಸಾಧನಗಳ ಈ ಪ್ರದರ್ಶನ ಬಿಸಿಲು ಏರುವ ಮೊದಲೇ ಶುರುವಾಗುತ್ತಿರುವುದು ಒಳ್ಳೆಯದಾಯಿತು. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಬೆಳಗಾವಿಯಲ್ಲೂ ಈಗ ಜನ ಎಸಿ ಬೇಕೆನ್ನುತ್ತಾರೆ. ಹೆಂಚಿನ ಮಾಡು ಹೋಗಿ ಸ್ಲ್ಯಾಬ್ ಬಂತು. ಅದು ಹಗಲು ಹೀರಿದ ಕಾವನ್ನು ರಾತ್ರಿ ಮನೆಯೊಳಗೆ ಬಿಡುತ್ತದೆ. ಎಸಿ ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ; ವಿಚಾರಿಸಿ ಕೊಳ್ಳಿ ಎನ್ನುತ್ತೇನೆ.

ತಂಪಿನ ಪಾಠವನ್ನು ಮಣ್ಣಿನ ಹರವಿಯಿಂದಲೇ ಶುರುಮಾಡೋಣ. ನಮ್ಮ ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲೇ. ನೀರು ತುಂಬಿದ ಹರವಿಯ ಹೊರಮೈ ಮುಟ್ಟಿದರೆ ಬೆರಳಿಗೆ ತೇವ ಹತ್ತುತ್ತದೆ. ಜಿನುಗಿದ ಆ ನೀರು ಆರುವಾಗ ಒಳಗಿನ ಕಾವನ್ನು ಕೊಂಡೊಯ್ಯುತ್ತದೆ. ಕೂಲರ್ ನಡೆಯುವುದೂ ಹೀಗೆಯೇ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.67 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಗಾಳಿಯಿಂದ ಹೀರಿಕೊಳ್ಳುತ್ತದೆ. ಒಣ ಹವೆಯ ಬೇಸಿಗೆ ಮಧ್ಯಾಹ್ನಕ್ಕೆ, ಕಿಟಕಿ ತೆರೆದಿಟ್ಟರೆ, ಎಷ್ಟೋ ಮನೆಗಳಿಗೆ ಇಷ್ಟು ಸಾಕು. ಮಳೆ ಹಿಡಿದ ಮೇಲೆ, ಅದರಲ್ಲೂ ಖಾನಾಪುರದ ಕಾಡಿನ ಕಡೆ, ಕೂಲರನ್ನು ನೆಚ್ಚಬೇಡಿ.

ಎಸಿಯಲ್ಲಿ ಒಳಗಿನ ಕಾವನ್ನು ಕೊಂಡೊಯ್ಯುವ ಕೆಲಸ ಮಾಡುವುದು ಗ್ಯಾಸ್. ಹಳೆಯ ಆರ್-22 ಓಝೋನ್ ಪದರಕ್ಕೆ ಕೇಡು ಮಾಡುವಂಥದ್ದು. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಅದು ಮೂಲೆ ಸೇರುತ್ತಿದೆ. ಅದರ ಜಾಗಕ್ಕೆ ಬಂದ ಆರ್-410ಎ ಓಝೋನಿಗೆ ಹಾನಿ ಮಾಡುವುದಿಲ್ಲ, ಆದರೆ ಒಂದು ಕಿಲೋ ಸೋರಿದರೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಕಾಯಿಸುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವ ಆರ್-32ಕ್ಕೆ ಈ ಲೆಕ್ಕ ಸುಮಾರು 675 ಕಿಲೋ. ಆರ್-290ಕ್ಕೆ, ಅಂದರೆ ಪ್ರೊಪೇನಿಗೆ, ಕೆಲವೇ ಕಿಲೋ. ಆದರೆ ಪ್ರೊಪೇನಿಗೆ ಬೇಗ ಬೆಂಕಿ ಹತ್ತುತ್ತದೆ, ತರಬೇತಿ ಪಡೆದವರೇ ಅದನ್ನು ಮುಟ್ಟಬೇಕು. ಆರ್-410ಎ, ಆರ್-32ರಂಥ ಗ್ಯಾಸುಗಳ ಬಳಕೆಯನ್ನು ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ.

ಮೆಕ್ಯಾನಿಕ್ ಬಂಧುಗಳಲ್ಲಿ ಒಂದು ಮಾತು. ಎಸಿಯ ಗ್ಯಾಸು ಸ್ಕೂಟರಿನ ಪೆಟ್ರೋಲಿನಂತೆ ಓಡಿದಷ್ಟೂ ಖರ್ಚಾಗುವುದಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ತಾಮ್ರದ ಪೈಪಿನ ಜೋಡಣೆಗೆ ಸೋಪಿನ ನೊರೆ ಹಚ್ಚಿ ನೋಡಿ. ಗುಳ್ಳೆ ಎದ್ದ ಕಡೆ ಮೊದಲು ರಿಪೇರಿ, ಆಮೇಲೆ ಗ್ಯಾಸ್. ಹಳೆಯ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಇಳಿಸಿಕೊಳ್ಳಿ. ನಿಮ್ಮ ಕೈ ಶುದ್ಧವಾಗಿದ್ದರೆ ಊರಿನ ಗಾಳಿಯೂ ಶುದ್ಧ.

ಕೊಳ್ಳುವವರು ಪ್ರತಿ ಮಳಿಗೆಯಲ್ಲೂ ಮೂರು ಪ್ರಶ್ನೆ ಕೇಳಿ: ಸ್ಟಾರ್ ಎಷ್ಟು? ಗ್ಯಾಸ್ ಯಾವುದು? ಕೆಟ್ಟರೆ ನೋಡುವವರು ಯಾರು? ಮನೆಯಲ್ಲಿ 24 ಡಿಗ್ರಿಗಿಂತ ಕೆಳಗೆ ಇಳಿಸಬೇಡಿ, ಜೊತೆಗೆ ಫ್ಯಾನ್ ಹಾಕಿ. ಈ ಅರಿವನ್ನು ಪಕ್ಕದ ಮನೆಯವರಿಗೂ ಮುಟ್ಟಿಸಿ ಎಂದು ಕೋರುತ್ತ, ಪ್ರದರ್ಶನ ಉದ್ಘಾಟನೆಯಾಯಿತೆಂದು ಸಂತೋಷದಿಂದ ಘೋಷಿಸುತ್ತೇನೆ.