ಯೋಚಿಸುವ ಗೆರೆಗಳು

ಅರ್ಧ ತುಂಬಿದ ಹಿಟ್ಟಿನ ಚೀಲವೊಂದನ್ನು ಕಲ್ಪಿಸಿಕೊಳ್ಳಿ. ಅದಕ್ಕೆ ಮುಖವಿಲ್ಲ, ಕೈಕಾಲಿಲ್ಲ. ಇರುವುದು ನಾಲ್ಕು ಮೂಲೆ ಮಾತ್ರ. ಈ ಚೀಲವನ್ನು ಸಂತೋಷದಿಂದಿರುವಂತೆ ಬಿಡಿಸಿ, ಆಮೇಲೆ ಸಿಟ್ಟಾದಂತೆ, ನಾಚಿದಂತೆ, ಸೋತು ಕುಸಿದಂತೆ ಬಿಡಿಸಿ ಎಂದರೆ ಚಿತ್ರಕಾರನಾದವನು ಏನು ಮಾಡಬೇಕು? ಅಮೆರಿಕದ ವಾಲ್ಟ್ ಡಿಸ್ನಿ ಸ್ಟುಡಿಯೋದಲ್ಲಿ ಹೊಸಬರಿಗೆ ಕೊಡುತ್ತಿದ್ದ ಅಭ್ಯಾಸಗಳಲ್ಲಿ ಇದೂ ಒಂದು. ಚೀಲ ಬಾಗಿದರೆ ದುಃಖ, ಎದೆಯುಬ್ಬಿಸಿ ನಿಂತರೆ ಹೆಮ್ಮೆ. ಆದರೆ ಒಂದು ಕರಾರು ಉಂಟು. ಚೀಲ ಎಷ್ಟೇ ಜಗ್ಗಲಿ, ಕುಗ್ಗಲಿ, ಒಳಗಿನ ಹಿಟ್ಟು ಮಾತ್ರ ಅಷ್ಟೇ ಇರಬೇಕು. ಉದ್ದವಾದಾಗ ಸಣಕಲಾಗಬೇಕು, ಕುಕ್ಕರಿಸಿದಾಗ ಅಗಲವಾಗಬೇಕು. ಹಿಟ್ಟು ಹೆಚ್ಚಿದಂತೆ ಕಂಡಿತೋ, ನೋಡುವವನ ಕಣ್ಣಿಗೆ ಅದು ಚೀಲವಾಗಿ ಉಳಿಯುವುದಿಲ್ಲ, ಬಲೂನಾಗಿಬಿಡುತ್ತದೆ.

ಅನಿಮೇಷನ್ ಕಲೆಯಲ್ಲಿ ಇದಕ್ಕೆ ಕುಗ್ಗು-ಹಿಗ್ಗಿನ ಸೂತ್ರ ಎನ್ನಬಹುದು. ಇಂಥ ಹನ್ನೆರಡು ಸೂತ್ರಗಳನ್ನು ಡಿಸ್ನಿಯ ಹಿರಿಯ ಚಿತ್ರಕಾರರಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ 'ದಿ ಇಲ್ಯೂಷನ್ ಆಫ್ ಲೈಫ್' ಎಂಬ ಪುಸ್ತಕದಲ್ಲಿ ಬರೆದಿಟ್ಟರು. ಸೂತ್ರಗಳು ಬಳಕೆಗೆ ಬಂದದ್ದು ಮಾತ್ರ ಅದಕ್ಕೂ ಅರ್ಧ ಶತಮಾನ ಹಿಂದೆ. ಭಾಷೆ ಮೊದಲು, ವ್ಯಾಕರಣ ಆಮೇಲೆ. ಹನ್ನೆರಡನ್ನೂ ಬಾಯಿಪಾಠ ಮಾಡಿ ಒಪ್ಪಿಸುವುದರಿಂದ ಹೆಚ್ಚಿನ ಲಾಭವಿಲ್ಲ. ಅವು ಚಲನೆಯ ನಿಯಮಗಳಂತೆ ಕಂಡರೂ ಅವುಗಳಲ್ಲಿ ಬಹುಪಾಲು ನೋಡುಗನ ಕಣ್ಣಿಗೆ ಸಂಬಂಧಪಟ್ಟವು ಎಂಬುದು ಇಲ್ಲಿ ಮುಖ್ಯ. ಅವನು ಯಾವ ಕ್ಷಣ ಎಲ್ಲಿ ನೋಡಬೇಕು, ಏನನ್ನು ನಿರೀಕ್ಷಿಸಬೇಕು, ಪಾತ್ರದ ತಲೆಯೊಳಗೆ ಏನು ನಡೆಯುತ್ತಿದೆ ಎಂದು ಹೇಗೆ ತಿಳಿಯಬೇಕು ಎಂಬ ಪ್ರಶ್ನೆಗಳಿಗೆ ಅವು ಉತ್ತರ ಹೇಳುತ್ತವೆ.

ಮೊದಮೊದಲ ಮಿಕ್ಕಿ ಮೌಸ್‌ನನ್ನೇ ತೆಗೆದುಕೊಳ್ಳಿ. ಮಿಕ್ಕಿಯ ಮೈಯೂ ಕಪ್ಪು, ಕೈಯೂ ಕಪ್ಪು. ಎದೆಯ ಮುಂದೆ ಅವನು ಕೈಯಾಡಿಸಿದರೆ ತೆರೆಯ ಮೇಲೆ ಏನೂ ಕಾಣುತ್ತಿರಲಿಲ್ಲ. ಬಿಳಿ ಕೈಗವಸು ಬಂದದ್ದು 1929ರಲ್ಲಿ. ಅದಕ್ಕಿಂತ ದೊಡ್ಡ ಪಾಠವೆಂದರೆ, ಪಾತ್ರವನ್ನು ಬರೀ ನೆರಳಾಗಿ ನೋಡಿದರೂ ಅದು ಮಾಡುತ್ತಿರುವ ಕೆಲಸ ತಿಳಿಯುವಂತೆ ನಿಲ್ಲಿಸಬೇಕು ಎಂಬುದು. ಕೈ ಮೈಯ ಮುಂದೆ ಬೇಡ, ಪಕ್ಕಕ್ಕೆ ಬರಲಿ. ಒಮ್ಮೆಗೆ ಒಂದೇ ಕ್ರಿಯೆ ನಡೆಯಲಿ. ಇದರ ಜೊತೆಗೇ ಬಂದದ್ದು ಪೂರ್ವಸೂಚನೆ. ಓಡುವವನು ಮೊದಲು ಹಿಂದಕ್ಕೆ ವಾಲುತ್ತಾನೆ, ನೆಗೆಯುವವನು ಮೊದಲು ಮೊಣಕಾಲು ಬಾಗಿಸುತ್ತಾನೆ. ಈ ಸೂಚನೆ ಇಲ್ಲದಿದ್ದರೆ, ನೋಡುಗನಿಗೆ ಓಟ ಕಾಣುವಷ್ಟರಲ್ಲಿ ಓಡಿದವನು ತೆರೆಯಾಚೆ ಹೋಗಿರುತ್ತಾನೆ.

ಇನ್ನು ಕಾಲದ ಲೆಕ್ಕ. ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಚೌಕಟ್ಟಿಗೆ ಹಿಡಿಯುವುದರಿಂದ 12 ಚಿತ್ರ ಸಾಕು. ಥಾಮಸ್ ಮತ್ತು ಜಾನ್‌ಸ್ಟನ್ ಒಂದು ಸೊಗಸಾದ ಉದಾಹರಣೆ ಕೊಡುತ್ತಾರೆ. ಎರಡೇ ಚಿತ್ರಗಳಿವೆ: ಒಂದರಲ್ಲಿ ತಲೆ ಬಲಗಡೆಗೆ ವಾಲಿದೆ, ಇನ್ನೊಂದರಲ್ಲಿ ಎಡಗಡೆಗೆ. ಇವುಗಳ ನಡುವೆ ಯಾವ ಚಿತ್ರವನ್ನೂ ಇಡದಿದ್ದರೆ, ಆ ಮನುಷ್ಯನಿಗೆ ಭಯಂಕರ ಹೊಡೆತ ಬಿದ್ದಿದೆ ಎಂದರ್ಥ. ಮೂರು ಚಿತ್ರ ಸೇರಿಸಿದರೆ ಅವನು ತೂರಿಬಂದ ಇಟ್ಟಿಗೆಯಿಂದ ತಪ್ಪಿಸಿಕೊಳ್ಳುತ್ತಿದ್ದಾನೆ. ಒಂಬತ್ತಾದರೆ ಗಹನವಾಗಿ ಯೋಚಿಸುತ್ತಿದ್ದಾನೆ. ಹತ್ತಾದರೆ ನೋಯುವ ಕತ್ತನ್ನು ಮುರಿಯುತ್ತಿದ್ದಾನೆ. ಗೆರೆ ಬದಲಾಗಲಿಲ್ಲ, ತುಟಿ ಮಾತಾಡಲಿಲ್ಲ. ನಡುವಿನ ಬಿಡುವು ಬದಲಾದುದರಿಂದಲೇ ಕಥೆ ಬದಲಾಯಿತು.

1933ರ 'ಮೂರು ಹಂದಿಮರಿಗಳು' ಚಿತ್ರದಲ್ಲಿ ಮೂರೂ ಮರಿಗಳು ನೋಡಲು ಹೆಚ್ಚುಕಡಿಮೆ ಒಂದೇ. ಆದರೆ ಇಟ್ಟಿಗೆಯ ಮನೆ ಕಟ್ಟುವವನ ನಡಿಗೆಯೇ ಬೇರೆ, ಕುಣಿಯುತ್ತ ತಿರುಗುವ ಇಬ್ಬರದೇ ಬೇರೆ. ಸ್ವಭಾವವನ್ನು ಚಲನೆಯಿಂದಲೇ ಹೇಳಬಹುದೆಂದು ಇದರಿಂದ ಗೊತ್ತಾಯಿತು. ಮರುವರ್ಷ 'ಪ್ಲೇಫುಲ್ ಪ್ಲೂಟೊ' ಚಿತ್ರದಲ್ಲಿ ನಾರ್ಮನ್ ಫರ್ಗುಸನ್, ನೊಣ ಹಿಡಿಯುವ ಅಂಟುಕಾಗದಕ್ಕೆ ಸಿಕ್ಕಿಕೊಂಡ ನಾಯಿಯನ್ನು ಬಿಡಿಸಿದರು. ನಾಯಿ ಒಂದು ಕಡೆ ಬಿಡಿಸಿಕೊಂಡರೆ ಇನ್ನೊಂದು ಕಡೆ ಅಂಟುತ್ತದೆ. ನಗು ಬರುವುದು ಅಂಟಿಗಲ್ಲ. ಪ್ರತಿ ಸೋಲಿನ ಬಳಿಕ ನಾಯಿ ಒಂದು ಗಳಿಗೆ ನಿಂತು, ಮುಂದೇನು ಎಂದು ಯೋಚಿಸುವುದು ಕಾಣುತ್ತದಲ್ಲ, ಅದಕ್ಕೆ. ಟಿ.ವಿ.ಯ ಎಷ್ಟೋ ಕಾರ್ಟೂನುಗಳಲ್ಲಿ ಪಾತ್ರಗಳು ಬಿಡುವಿಲ್ಲದೆ ಕೈಬೀಸುತ್ತಿದ್ದರೂ ಜೀವ ಬರುವುದಿಲ್ಲ, ಏಕೆಂದರೆ ಅವುಗಳಿಗೆ ಯೋಚಿಸಲು ಪುರುಸೊತ್ತನ್ನೇ ಕೊಟ್ಟಿರುವುದಿಲ್ಲ.

ಇದೆಲ್ಲ ಏಳೆಂಟು ನಿಮಿಷದ ನಗೆಚಿತ್ರಗಳ ಮಾತು. ಪೂರ್ಣಪ್ರಮಾಣದ ಕಾರ್ಟೂನ್ ಚಿತ್ರವನ್ನು ಜನ ಕೂತು ನೋಡಿಯಾರೆ? ಗೆರೆಯಲ್ಲಿ ಬರೆದ ಹುಡುಗಿಯ ಸಾವಿಗೆ ಯಾರಾದರೂ ಅತ್ತಾರೆಯೆ? 'ಸ್ನೋವೈಟ್ ಮತ್ತು ಏಳು ಕುಳ್ಳರು' ಚಿತ್ರಕ್ಕೆ ಡಿಸ್ನಿ ಸುಮಾರು 15 ಲಕ್ಷ ಡಾಲರ್ ಸುರಿದಾಗ ಹಾಲಿವುಡ್ಡಿನಲ್ಲಿ ಅದಕ್ಕೆ 'ಡಿಸ್ನಿಯ ಹುಚ್ಚಾಟ' ಎಂದೇ ಹೆಸರು ಬಿದ್ದಿತ್ತು. ಚಿತ್ರ ಸೋತರೆ ಸ್ಟುಡಿಯೋ ಮುಳುಗುವುದರಲ್ಲಿತ್ತು.

ಅದರಲ್ಲಿ ಗ್ರಂಪಿ ಎಂಬ ಸಿಡುಕ ಕುಳ್ಳನಿದ್ದಾನೆ. ಗಣಿಗೆ ಹೊರಟವನ ನೆತ್ತಿಗೆ ಸ್ನೋವೈಟ್ ಮುತ್ತಿಡುತ್ತಾಳೆ. ಅವನು ಕೊಸರಿಕೊಂಡು ದಡದಡ ನಡೆಯುತ್ತಾನೆ. ಹೆಜ್ಜೆ ನಿಧಾನವಾಗುತ್ತದೆ. ಗಂಟಿಕ್ಕಿದ ಮುಖ ಸಡಿಲವಾಗಿ ಒಂದು ನಿಟ್ಟುಸಿರು ಹೊರಡುತ್ತದೆ. ಛೇ, ಯಾರಾದರೂ ನೋಡಿಯಾರು ಎಂಬಂತೆ ಮತ್ತೆ ಸಿಡುಕು ಹೊತ್ತು ಬಿರುಸಾಗಿ ಹೊರಡುತ್ತಾನೆ, ಮರಕ್ಕೆ ಢಿಕ್ಕಿ ಹೊಡೆಯುತ್ತಾನೆ. ಬಿಲ್ ಟೈಟ್ಲಾ ಬಿಡಿಸಿದ ಈ ಕೆಲವು ಸೆಕೆಂಡುಗಳಲ್ಲಿ ಮಾತೆಂಬುದು ಬೇಕೇ ಆಗಿಲ್ಲ. ನಡಿಗೆಯ ವೇಗ ಏರಿಳಿದಂತೆ ಮನಸ್ಸೂ ಏರಿಳಿದುದು ಕಾಣುತ್ತದೆ.

ಸ್ನೋವೈಟ್ ಸತ್ತಳೆಂದು ಕುಳ್ಳರು ಅಳುವ ದೃಶ್ಯ ಫ್ರಾಂಕ್ ಥಾಮಸ್ ಪಾಲಿಗೆ ಬಂತು. ಅಲ್ಲಿಯವರೆಗೆ ಕಾರ್ಟೂನಿನಲ್ಲಿ ಅಳು ಎಂದರೆ ಕಾರಂಜಿಯಂತೆ ಚಿಮ್ಮುವ ಕಣ್ಣೀರು, ಅದೊಂದು ತಮಾಷೆ. ಥಾಮಸ್ ಚಲನೆಯನ್ನೇ ಹೆಚ್ಚುಕಡಿಮೆ ತೆಗೆದುಹಾಕಿದರು. ಮೇಣದ ಬತ್ತಿಯ ಬೆಳಕಿನಲ್ಲಿ ಕುಳ್ಳರು ಸುಮ್ಮನೆ ತಲೆಬಾಗಿಸಿಕೊಂಡಿದ್ದಾರೆ. ಇಳಿಯುವ ಒಂದು ಹನಿ, ತುಸು ಕದಲುವ ಒಂದು ತಲೆ, ಅಷ್ಟೇ. ಹೆಚ್ಚು ಅಲುಗಾಡಿದ್ದರೆ ಅವರು ಮತ್ತೆ ಕಾರ್ಟೂನುಗಳಾಗಿಬಿಡುತ್ತಿದ್ದರು. 1937ರ ಡಿಸೆಂಬರ್ 21ರಂದು ಲಾಸ್ ಏಂಜಲೀಸ್‌ನ ಕಾರ್ಥೇ ಸರ್ಕಲ್ ಚಿತ್ರಮಂದಿರದಲ್ಲಿ ಮೊದಲ ಪ್ರದರ್ಶನ ನಡೆದಾಗ, ಆಹ್ವಾನಿತರಾಗಿ ಬಂದಿದ್ದ ಸಿನಿಮಾ ಮಂದಿಯೇ ಈ ದೃಶ್ಯಕ್ಕೆ ಕಣ್ಣೊರೆಸಿಕೊಂಡರು.

'ಸ್ನೋವೈಟ್' ಚಿತ್ರಕ್ಕೆ ದುಡಿದವರಲ್ಲಿ ಕ್ಲೇರ್ ವೀಕ್ಸ್ ಎಂಬವರೂ ಇದ್ದರು. ಭಾರತದಲ್ಲೇ ಹುಟ್ಟಿದ ಅವರು 1956ರಲ್ಲಿ ಮುಂಬಯಿಯ ಫಿಲ್ಮ್ಸ್ ಡಿವಿಷನ್ನಿಗೆ ಬಂದು ಇಲ್ಲಿನ ತರುಣರಿಗೆ ಈ ವಿದ್ಯೆ ಕಲಿಸಿದರು. ಜಾತಕ ಕಥೆಯನ್ನು ಆಧರಿಸಿದ 'ದಿ ಬನಿಯನ್ ಡೀರ್' 1957ರಲ್ಲಿ ಹೊರಬಂತು. ಮುಂದೆ ಜಪಾನಿನ ಯೂಗೋ ಸಾಕೋ ಅವರ ಜೊತೆಗೂಡಿ ರಾಮಾಯಣವನ್ನು ಅನಿಮೇಷನ್ ಚಿತ್ರವಾಗಿಸಿದ ರಾಮ್ ಮೋಹನ್ ಆ ತರಬೇತಿಯಲ್ಲಿ ಕಲಿತವರು. ದೂರದರ್ಶನದಲ್ಲಿ ಮತ್ತೆ ಮತ್ತೆ ಬರುತ್ತಿದ್ದ 'ಏಕ್ ಅನೇಕ್ ಔರ್ ಏಕತಾ' ಎಷ್ಟೋ ಜನರಿಗೆ ನೆನಪಿದ್ದೀತು. 1974ರಲ್ಲಿ ವಿಜಯಾ ಮುಳೆ ರೂಪಿಸಿ, ಭೀಮ್‌ಸೇನ್ ಚಿತ್ರ ಬರೆದ ಆ ಕಿರುಚಿತ್ರದಲ್ಲಿ ಡಿಸ್ನಿಯ ವೈಭವವಿಲ್ಲ. ಸರಳ ಗೆರೆಗಳು, ಎಷ್ಟು ಬೇಕೋ ಅಷ್ಟೇ ಚಲನೆ. ಆದರೂ ಬೇಟೆಗಾರನ ಬಲೆಯನ್ನು ಹಕ್ಕಿಗಳೆಲ್ಲ ಒಟ್ಟಾಗಿ ಎತ್ತಿಕೊಂಡು ಹಾರುವುದು ಹಿಂದಿ ಬಾರದ ಮಗುವಿಗೂ ಅರ್ಥವಾಗುತ್ತದೆ.

ಕಂಪ್ಯೂಟರ್ ಬಂದಾಗ ಈ ಹಳೆಯ ಸೂತ್ರಗಳು ಮೂಲೆಗೆ ಸೇರುತ್ತವೆ ಎಂದುಕೊಂಡವರಿದ್ದರು. ಡಿಸ್ನಿಯಲ್ಲಿ ಕೆಲಸ ಮಾಡಿ ಬಂದಿದ್ದ ಜಾನ್ ಲ್ಯಾಸೆಟರ್ 1986ರಲ್ಲಿ ಪಿಕ್ಸಾರ್ ಸಂಸ್ಥೆಗಾಗಿ 'ಲಕ್ಸೋ ಜೂನಿಯರ್' ಎಂಬ ಸುಮಾರು ಎರಡು ನಿಮಿಷದ ಚಿತ್ರ ಮಾಡಿದರು. ಪಾತ್ರಗಳು ಎರಡು ಮೇಜುದೀಪಗಳು, ಒಂದು ದೊಡ್ಡದು, ಒಂದು ಚಿಕ್ಕದು. ಕಣ್ಣು ಬಾಯಿ ಯಾವುದೂ ಇಲ್ಲ. ಲೋಹದ ದೀಪ ಹಿಟ್ಟಿನ ಚೀಲದಂತೆ ಕುಗ್ಗಲಾರದು, ಆದರೆ ಅದರ ಕೀಲುಗಳು ಮಡಚಬಲ್ಲವು. ಕುಗ್ಗು-ಹಿಗ್ಗು ಅಲ್ಲೇ ಸಿಕ್ಕಿತು. ಮರಿದೀಪ ನೆಗೆಯುವ ಮುನ್ನ ಮಡಚಿಕೊಳ್ಳುತ್ತದೆ. ಆಟದ ಚೆಂಡು ಒಡೆದಾಗ ತಲೆಯನ್ನು ನಿಧಾನವಾಗಿ ತಗ್ಗಿಸುತ್ತದೆ. ಆ ವರ್ಷ ಕಂಪ್ಯೂಟರ್ ಚಿತ್ರತಜ್ಞರ ಸಮ್ಮೇಳನದಲ್ಲಿ ಇದನ್ನು ತೋರಿಸಿದ ಮೇಲೆ ಜಿಮ್ ಬ್ಲಿನ್ ಎಂಬ ಹೆಸರಾಂತ ವಿಜ್ಞಾನಿ ಲ್ಯಾಸೆಟರ್ ಬಳಿ ಬಂದರು. ನೆರಳು ಬೀಳಿಸಿದ ಗಣಿತದ ಬಗ್ಗೆ ಕೇಳುತ್ತಾರೇನೋ ಎಂದು ಲ್ಯಾಸೆಟರ್‌ಗೆ ಅಳುಕಿತ್ತು. ಬ್ಲಿನ್ ಕೇಳಿದ್ದು ಬೇರೆ: ಆ ದೊಡ್ಡ ದೀಪ ತಾಯಿಯೋ, ತಂದೆಯೋ?