ಸಂವಿಧಾನವನ್ನು ಓದುವ ಬಗೆ

(ಮಠದ ಉಚಿತ ಪ್ರಸಾದ ನಿಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ವಿದ್ಯಾರ್ಥಿಗಳಿಗಾಗಿ ನಡೆದ ಶಿಬಿರದಲ್ಲಿ ನಿವೃತ್ತ ಕಂದಾಯ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

 

"ಸಂವಿಧಾನವನ್ನು ಹೇಗೆ ಓದಬೇಕು ಎಂದು ನಮ್ಮ ಹುಡುಗರಿಗೆ ಹೇಳಿ" ಎಂದು ಪೂಜ್ಯರು ಅಪ್ಪಣೆ ಕೊಡಿಸಿದರು. ನಾನು ಪಾಠ ಹೇಳುವ ಮನುಷ್ಯನಲ್ಲ. ಆದರೆ ಹೇಗೆ ಓದಬಾರದು ಎಂಬುದನ್ನು ಮಾತ್ರ ಚೆನ್ನಾಗಿ ಬಲ್ಲೆ. ಯಾಕೆಂದರೆ ನಾನು ಹಾಗೇ ಓದಿದವನು.

ನಿಮ್ಮ ಹಾಗೆ ನಾನೂ ಮಠವೊಂದರ ಪ್ರಸಾದ ನಿಲಯದಲ್ಲಿ ಉಂಡು ಬೆಳೆದೆ. ನನ್ನ ಹತ್ತಿರ ಒಂದು ಹಳೆಯ ಗೈಡ್ ಇತ್ತು. ಅದನ್ನು ಎಷ್ಟು ಸಲ ತಿರುವಿದ್ದೆನೆಂದರೆ ರಟ್ಟು ಕಿತ್ತು ಬಂದಿತ್ತು. ರಾತ್ರಿ ದೀಪ ಆರಿಸಿದ ಮೇಲೆ ಗೆಳೆಯರು ಕತ್ತಲಲ್ಲೇ ಕೇಳುವರು: "32?" ನಾನು ಹೇಳುವೆ: "ಸಾಂವಿಧಾನಿಕ ಪರಿಹಾರದ ಹಕ್ಕು." "356?" "ರಾಷ್ಟ್ರಪತಿ ಆಳ್ವಿಕೆ." "17?" "ಅಸ್ಪೃಶ್ಯತೆಯ ನಿರ್ಮೂಲನ." ಒಂದೂ ತಪ್ಪುತ್ತಿರಲಿಲ್ಲ. ಎರಡು ಸಲ ನಪಾಸಾಗಿ ಮೂರನೆಯ ಸಲ ಪಾಸಾದೆ. ಮಠದಲ್ಲಿ ಶಾಲು ಹೊದಿಸಿದರು. ನನಗೆ ಸಂವಿಧಾನ ಗೊತ್ತಿದೆ ಎಂದುಕೊಂಡೆ.

ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತು. ಒಬ್ಬ ಮುದುಕ ಕಚೇರಿಗೆ ಬಂದು ಒಂದು ಅರ್ಜಿ ಕೊಟ್ಟ. ನೋಟ್ ಬುಕ್ಕಿನ ಹಾಳೆ, ದುಂಡನೆಯ ಅಕ್ಷರ. ಊರಿನ ಹೋಟೆಲ್ಲಿನಲ್ಲಿ ತಮ್ಮ ಕೇರಿಯವರಿಗೆ ಬೇರೆ ಲೋಟ ಇಟ್ಟಿದ್ದಾರೆ, ಬೆಂಚಿನ ಮೇಲೆ ಕೂರಿಸುವುದಿಲ್ಲ, ಇದು ಸಂವಿಧಾನದ 15 ಮತ್ತು 17ನೆಯ ವಿಧಿಗೆ ವಿರುದ್ಧ ಎಂದು ಅದರಲ್ಲಿತ್ತು. ಯಾರು ಬರೆದದ್ದು ಎಂದೆ. "ನನ್ನ ಮೊಮ್ಮಗಳು ಬರದಾಳ್ರಿ ಸಾಹೇಬ್ರ. ಸಾಲ್ಯಾಗಿನ ಪುಸ್ತಕದಾಗ ಹಿಂಗ ಐತಂತ. ಖರೇ ಏನ್ರಿ?" ಎಂದ. "ಖರೇ" ಎಂದೆ.

ಮರುದಿನ ಊರಿಗೆ ಹೋದೆ. ಹೋಟೆಲ್ಲಿನ ಮಾಲೀಕ ಹಣೆಯ ತುಂಬ ವಿಭೂತಿ ಧರಿಸಿದ್ದ ನಮ್ಮವನೇ. ನನ್ನ ಹಣೆಯ ಮೇಲೂ ವಿಭೂತಿ ಇತ್ತು. ಮನೆಗೆ ಕರೆದೊಯ್ದ, ಲಿಂಗಪೂಜೆಗೆ ನೀರು ಕೊಟ್ಟ, ಪ್ರಸಾದ ಬಡಿಸಿದ. "ಅವರೇ ಹೊರಗ ಕೂಡ್ತಾರ್ರಿ, ನಾವೇನು ಬ್ಯಾಡ ಅಂದಿಲ್ಲ" ಎಂದ. ಊರ ಹಿರಿಯರು ತಲೆಯಾಡಿಸಿದರು. ಅವರ ಮನೆಯ ರೊಟ್ಟಿ ಉಂಡು ಕಚೇರಿಗೆ ಬಂದು ವರದಿ ಬರೆದೆ: "ಗ್ರಾಮದಲ್ಲಿ ಶಾಂತಿ ಇದೆ. ಅರ್ಜಿಯಲ್ಲಿ ಹುರುಳಿಲ್ಲ."

ಬಂಧುಗಳೇ, ಈ ಎರಡು ವಾಕ್ಯಗಳನ್ನು ಬರೆದವನು 17ನೆಯ ವಿಧಿಯನ್ನು ಕತ್ತಲಲ್ಲಿ ಕೇಳಿದರೂ ಹೇಳುತ್ತಿದ್ದವನು.

ಅದಾಗಿ ಕೆಲವು ವಾರಗಳಿಗೆ ಬೇರೊಂದು ಕಡತಕ್ಕಾಗಿ ಸಂವಿಧಾನದ ಮೂಲ ಪಠ್ಯ ತೆಗೆದೆ. ಗೈಡ್ ಅಲ್ಲ, ಮೂಲ. 15ನೆಯ ವಿಧಿಯ ಎರಡನೆಯ ಖಂಡ ಕಣ್ಣಿಗೆ ಬಿತ್ತು. ಅಂಗಡಿ, ಸಾರ್ವಜನಿಕ ಹೋಟೆಲ್ಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂದು ಒಂದೊಂದನ್ನೂ ಹೆಸರಿಸಿ, ಜಾತಿಯ ಕಾರಣಕ್ಕೆ ಅಲ್ಲಿ ಯಾರನ್ನೂ ತಡೆಯಬಾರದು ಎಂದಿದೆ. ನನ್ನ ಗೈಡ್ ಅದನ್ನು "ತಾರತಮ್ಯ ನಿಷೇಧ" ಎಂಬ ಎರಡೇ ಪದಕ್ಕೆ ಇಳಿಸಿತ್ತು. ಆ ಹುಡುಗಿ 17ರ ಜೊತೆಗೆ 15 ಎಂದು ಏಕೆ ಬರೆದಿದ್ದಳೆಂದು ಆಗ ತಿಳಿಯಿತು. ಹೋಟೆಲ್ಲು ಇರುವುದೇ ಅಲ್ಲಿ. ಶಾಲೆಯ ಹುಡುಗಿ ನನಗಿಂತ ಚೆನ್ನಾಗಿ ಓದಿದ್ದಳು.

ಇಲ್ಲಿ ಪರೀಕ್ಷೆಗೂ ಬೇಕಾದ ಒಂದು ಮಾತಿದೆ, ಗುರುತು ಹಾಕಿಕೊಳ್ಳಿ. ಮೂಲಭೂತ ಹಕ್ಕುಗಳಲ್ಲಿ ಹೆಚ್ಚಿನವು ಸರ್ಕಾರದ ಕೈ ಹಿಡಿಯುತ್ತವೆ. ಆದರೆ 15ರ ಎರಡನೆಯ ಖಂಡ, 17, ಬಲವಂತದ ದುಡಿಮೆಯನ್ನು ತಡೆಯುವ 23, ಇವು ಖಾಸಗಿ ವ್ಯಕ್ತಿಯ ಕೈಯನ್ನೂ ಹಿಡಿಯುತ್ತವೆ. ಹೋಟೆಲ್ಲಿನವನನ್ನೂ, ಹೊಲದ ಒಡೆಯನನ್ನೂ ನೇರವಾಗಿ ಕೇಳುತ್ತವೆ. 17ನೆಯ ವಿಧಿಗೆ ಹಲ್ಲು ಕೊಡಲು 1955ರಲ್ಲಿ ಕಾಯ್ದೆ ಬಂತು. 1976ರಲ್ಲಿ ಅದನ್ನು ಬಿಗಿಗೊಳಿಸಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರಿಟ್ಟರು. 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು. ಒಂದು ವಿಧಿ, ಅದರ ಬೆನ್ನಿಗೆ ಎರಡು ಕಾಯ್ದೆ. ಹೀಗೆ ಕೂಡಿಸಿ ಓದಿದರೆ ಮರೆಯುವುದಿಲ್ಲ.

ಪೊಲೀಸರನ್ನು ಜೊತೆಗೆ ಕರೆದುಕೊಂಡು ಮತ್ತೆ ಆ ಊರಿಗೆ ಹೋದೆ. ಬೇರೆ ಲೋಟಗಳು ಹೋದವು. ಬೆಂಚು ಎಲ್ಲರದಾಯಿತು. ಆದರೆ ಆ ಮುದುಕ ಮಾತ್ರ ಮತ್ತೆ ಆ ಹೋಟೆಲ್ಲಿಗೆ ಬರಲೇ ಇಲ್ಲ ಎಂದು ಆಮೇಲೆ ಕೇಳಿದೆ. ಮೊದಲ ಸಲ ನಾನು "ಹುರುಳಿಲ್ಲ" ಎಂದು ಬರೆದದ್ದು ಅವನಿಗೆ ತಲುಪಿತ್ತು. ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ ಒಂದೇ ಸಾಲಿನಲ್ಲಿ ಕುಳಿತ ಅನುಭವ ಮಂಟಪವನ್ನು ಮೊದಲ ಸಂಸತ್ತು ಎಂದು ನಾವು ಎಲ್ಲ ಸಭೆಗಳಲ್ಲೂ ಹೇಳುತ್ತೇವೆ. ನಾನೂ ಹೇಳಿದ್ದೇನೆ. ಒಬ್ಬ ಮುದುಕನಿಗೆ ಬೆಂಚಿನ ಮೇಲೆ ಜಾಗ ಕೊಡಿಸಲು ತಡಮಾಡಿದ ಮೇಲೆ ಆ ಮಾತು ಹೇಳುವಾಗಲೆಲ್ಲ ನನ್ನ ನಾಲಿಗೆ ತಡವರಿಸುತ್ತದೆ.

ಇನ್ನು ಓದುವ ಬಗೆಗೆ ಬರೋಣ. ಪ್ರತಿ ವಿಧಿಯ ಹಿಂದೆ ಒಬ್ಬ ಮನುಷ್ಯನನ್ನು ಹುಡುಕಿ. ನಮ್ಮ ಸೀಮೆಯವೇ ಎರಡು ಮೊಕದ್ದಮೆ ಹೇಳುತ್ತೇನೆ.

ಮೊದಲನೆಯದು ಕಾಸರಗೋಡಿನ ಎಡನೀರು ಮಠದ್ದು. ಕನ್ನಡ, ತುಳು ಆಡುವ ನೆಲ, ಶಂಕರ ಪರಂಪರೆಯ ಮಠ. ಕೇರಳದ ಭೂಸುಧಾರಣೆ ಕಾನೂನು ಮಠದ ಜಮೀನಿಗೆ ಬಂದಾಗ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ವಕೀಲರು ನಾನಿ ಪಾಲ್ಖಿವಾಲಾ. 13 ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಕೇಳಿತು. 1973ರ ಏಪ್ರಿಲ್ 24ರಂದು 7 ಮತ್ತು 6ರ ಅಂತರದಲ್ಲಿ ತೀರ್ಪು ಬಂತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು ಕೆಡಿಸುವಂತಿಲ್ಲ. ಸ್ವಾಮಿಗಳು ಕೇಳಲು ಹೋದದ್ದು ಮಠದ ಜಮೀನು. ಅದು ಅವರ ಕೈಗೆ ಬರಲಿಲ್ಲ. ನಾಡಿಗೆ ಬಂದದ್ದು ಮೂಲ ರಚನೆಯೆಂಬ ಬೇಲಿ.

ಎರಡನೆಯದು ಬೆಂಗಳೂರಿನದು. 1989ರ ಏಪ್ರಿಲ್. ನಾನಿನ್ನೂ ಪ್ರಸಾದ ನಿಲಯದಲ್ಲಿದ್ದೆ, ರೇಡಿಯೋ ಸುತ್ತ ಎಲ್ಲರೂ ಕೂಡಿದ್ದೆವು. 19 ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆಂದು ರಾಜ್ಯಪಾಲರು ದೆಹಲಿಗೆ ವರದಿ ಕಳಿಸಿದರು. ಅವರಲ್ಲಿ ಕೆಲವರು ನಮ್ಮ ಸಹಿಯನ್ನು ತಪ್ಪು ಹೇಳಿ ಪಡೆದಿದ್ದಾರೆ ಎಂದರು. ವಿಧಾನಸಭೆ ಕರೆಯಿರಿ, ಅಲ್ಲೇ ಬಹುಮತ ತೋರಿಸುತ್ತೇನೆ ಎಂದು ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಕೇಳಿದರು. ಕರೆಯಲಿಲ್ಲ. ಏಪ್ರಿಲ್ 21ರಂದು 356ನೆಯ ವಿಧಿಯಡಿ ಸರ್ಕಾರ ಹೋಯಿತು. ಹೈಕೋರ್ಟಿನಲ್ಲಿ ಸೋತರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಅಳೆಯುವ ಜಾಗ ಸದನ, ರಾಜಭವನವಲ್ಲ. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನೂ ನ್ಯಾಯಾಲಯ ಪರಿಶೀಲಿಸಬಹುದು. ಜಾತ್ಯತೀತತೆ ಮೂಲ ರಚನೆಯ ಭಾಗ. ಬೊಮ್ಮಾಯಿಯವರಿಗೆ ಕುರ್ಚಿ ಮರಳಲಿಲ್ಲ. ಆದರೆ ಅಂದಿನಿಂದ ಯಾವ ರಾಜ್ಯದಲ್ಲಿ ಬಹುಮತದ ಜಗಳವಾದರೂ ಅವರ ಹೆಸರು ಬರುತ್ತದೆ.

ಗೈಡಿನಲ್ಲಿ ಇವೆರಡೂ ಒಂದೊಂದು ಸಾಲು. ಮನುಷ್ಯನನ್ನು ಹಿಡಿದು ಓದಿದರೆ 368, 356, ನ್ಯಾಯಾಂಗದ ಪರಿಶೀಲನೆ, ರಾಜ್ಯಪಾಲರ ಅಧಿಕಾರ, ಕೇಂದ್ರ ರಾಜ್ಯ ಸಂಬಂಧ ಎಲ್ಲವೂ ಒಂದೇ ದಾರದಲ್ಲಿ ಬರುತ್ತವೆ. ನೆನಪಿಗೆ ಇನ್ನೊಂದು: ಕೇಶವಾನಂದ ತೀರ್ಪು ಬಂದು ಸರಿಯಾಗಿ ಇಪ್ಪತ್ತು ವರ್ಷಕ್ಕೆ, 1993ರ ಏಪ್ರಿಲ್ 24ರಂದು, ಪಂಚಾಯತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 73ನೆಯ ತಿದ್ದುಪಡಿ ಜಾರಿಗೆ ಬಂತು. ನಮ್ಮ ಕರ್ನಾಟಕ 1983ರ ಕಾಯ್ದೆಯಲ್ಲೇ ಪಂಚಾಯತಿಯಲ್ಲಿ ಮಹಿಳೆಯರಿಗೆ ಶೇ. 25 ಸ್ಥಾನ ಇಟ್ಟಿತ್ತು. ನಜೀರ್‌ಸಾಬರನ್ನು ಬಿಟ್ಟು ಈ ಅಧ್ಯಾಯ ಓದಬೇಡಿ. ಒಮ್ಮೆಯಾದರೂ ನಿಮ್ಮೂರ ಗ್ರಾಮಸಭೆಯ ಹಿಂದಿನ ಸಾಲಿನಲ್ಲಿ ಕುಳಿತು ಬನ್ನಿ.

ನಾನು ಈಗ ಓದುವುದಾದರೆ ಹೀಗೆ ಓದುತ್ತೇನೆ. ಮೊದಲು ಮೂಲ ಪಠ್ಯ, ದಿನಕ್ಕೆ ಐದು ವಿಧಿ, ಗಟ್ಟಿಯಾಗಿ. ಆಮೇಲೆ ಗೈಡ್. ಒಂದು ನೋಟ್ ಬುಕ್ಕಿನಲ್ಲಿ ಪ್ರತಿ ಮುಖ್ಯ ವಿಧಿಗೆ ನಾಲ್ಕು ಸಾಲು: ಯಾರಿಗೆ ಕಷ್ಟವಾಯಿತು, ಏನು ಕೇಳಿದರು, ನ್ಯಾಯಾಲಯ ಏನೆಂದಿತು, ಇದು ನಮ್ಮೂರಲ್ಲಿ ಎಲ್ಲಿದೆ. ನಾಲ್ಕನೆಯ ಸಾಲು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ, ಅದನ್ನು ನೀವೇ ಬರೆಯಬೇಕು. ಯು.ಪಿ.ಎಸ್.ಸಿ.ಯ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಅಂಜಬೇಡಿ. ಆದರೆ ಪೂರ್ವಭಾವಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇರುವುದರಿಂದ ಪ್ರತಿ ಪದವನ್ನೂ ಎರಡು ಭಾಷೆಯಲ್ಲಿ ಕಲಿಯಿರಿ. ಮೂಲ ರಚನೆ ಎಂದು ಬರೆದವನಿಗೆ ಬೇಸಿಕ್ ಸ್ಟ್ರಕ್ಚರ್ ಎಂದರೂ ತಿಳಿಯಬೇಕು.

ನಿಮ್ಮಲ್ಲಿ ಎಲ್ಲರೂ ಪಾಸಾಗುವುದಿಲ್ಲ. ಸುಳ್ಳು ಹೇಳಿ ಹೋಗಲು ನಾನು ಬಂದಿಲ್ಲ. ಕೆಲವರು ಮೇಷ್ಟ್ರಾಗುತ್ತೀರಿ, ಕೆಲವರು ಊರಿಗೆ ಮರಳಿ ಒಕ್ಕಲುತನ ಮಾಡುತ್ತೀರಿ. ಆದರೆ ಹೀಗೆ ಓದಿದ ಸಂವಿಧಾನ ಯಾರಿಗೂ ದಂಡವಾಗುವುದಿಲ್ಲ. ಅರ್ಜಿ ಬರೆದ ಆ ಹುಡುಗಿ ಯಾವ ಪರೀಕ್ಷೆಗೂ ಕುಳಿತಿರಲಿಲ್ಲ.

ಪಾಸಾದವರಿಗೆ ಒಂದೇ ಮಾತು. ಒಂದು ದಿನ ನಿಮ್ಮ ಮೇಜಿನ ಮೇಲೂ ನೋಟ್ ಬುಕ್ಕಿನ ಹಾಳೆಯೊಂದು ಬರುತ್ತದೆ. ಆ ದಿನ ಎದುರಿಗೆ ಕುಳಿತವನ ಹಣೆಯ ಮೇಲೆ ವಿಭೂತಿ ಇದೆಯೋ ಇಲ್ಲವೋ ನೋಡಬೇಡಿ. ಅವನ ಮನೆಯಲ್ಲಿ ಉಣ್ಣುವ ಮೊದಲು ಅರ್ಜಿ ಕೊಟ್ಟವನ ಮನೆಗೆ ಹೋಗಿ ಬನ್ನಿ. ನಾನು ಮಾಡದ್ದನ್ನು ನೀವು ಮಾಡಿ ಎಂದು ಕೇಳಿಕೊಳ್ಳಲಿಕ್ಕೇ ಇಷ್ಟು ದೂರ ಬಂದೆ.